ಎರಡೂ ಮುಕ್ಕಾಲು ವರ್ಷದ ಮಗುವಿಗೆ ಯಾವ ಆಟಿಕೆ ರೈಲು?

ಪ್ರಶ್ನೆ: ನಮ್ಮ ಮಗಳಿಗೆ ಈಗ ಎರಡೂ ಮುಕ್ಕಾಲು ವರ್ಷ. ರೈಲೆಂದರೆ ಪ್ರಾಣ. ಚಪ್ಪಲಿ, ಚಮಚ, ಸೋಪಿನ ಡಬ್ಬಿ, ಕೈಗೆ ಸಿಕ್ಕಿದ್ದೆಲ್ಲ ಸಾಲಾಗಿ ನಿಂತು ಬೋಗಿಯಾಗುತ್ತದೆ. ಆರು ತಿಂಗಳ ಹಿಂದೆ ಬ್ಯಾಟರಿಯಲ್ಲಿ ಓಡುವ ಒಂದು ಸಣ್ಣ ರೈಲು ಕೊಡಿಸಿದೆವು. ಹತ್ತು ನಿಮಿಷ ನೋಡಿದಳು. ಆಮೇಲೆ ಓಡುತ್ತಿದ್ದ ಎಂಜಿನ್ನನ್ನೇ ಎತ್ತಿಕೊಂಡು ನೆಲದ ಮೇಲೆ ತಳ್ಳತೊಡಗಿದಳು. ಒಳಗೆ ಕಟಕಟ ಸದ್ದಾಗಿ ಎರಡೇ ದಿನದಲ್ಲಿ ಅದು ನಿಂತುಹೋಯಿತು. ಅವಳಿಗೆ ಒಂದರಲ್ಲೂ ಮನಸ್ಸು ನಿಲ್ಲುವುದಿಲ್ಲ ಎಂದು ಮನೆಯವರು ಹೇಳುತ್ತಾರೆ. ಈಗ ನನ್ನ ತಮ್ಮ ಹಳಿಯಲ್ಲಿ ವಿದ್ಯುತ್ ಹರಿಯುವ, ಹೊಗೆ ಬಿಡುವ ರೈಲು ತಂದುಕೊಡುತ್ತೇನೆ ಎನ್ನುತ್ತಿದ್ದಾನೆ. ನನ್ನ ಪತಿಗೆ ನೂರು ಬಿಡಿಭಾಗಗಳ ಮರದ ಸೆಟ್ಟಿನ ಮೇಲೆ ಕಣ್ಣು. ಅದರ ಪೆಟ್ಟಿಗೆಯ ಮೇಲೆ 3 ವರ್ಷ ಮೇಲ್ಪಟ್ಟವರಿಗೆ ಎಂದಿದೆ. ಮಗಳು ಚುರುಕಾಗಿದ್ದಾಳೆ, ಮೂರು ತಿಂಗಳಲ್ಲಿ ಏನಾಗುತ್ತದೆ ಎನ್ನುವುದು ಅವರ ವಾದ. ಮನೆಯಲ್ಲಿ ಅಂಬೆಗಾಲಿಡುವ ಒಂಬತ್ತು ತಿಂಗಳ ಮಗನೂ ಇದ್ದಾನೆ. ಇನ್ನೊಂದು ಚಿಂತೆ: ವಸ್ತುಗಳನ್ನು ಹೀಗೆ ಸಾಲು ಹಚ್ಚುವುದು ಆಟಿಸಂ ಲಕ್ಷಣ ಎಂದು ಪರಿಚಿತರೊಬ್ಬರು ಹೇಳಿದಾಗಿನಿಂದ ನಿದ್ದೆ ಬರುತ್ತಿಲ್ಲ. ಹಾಗೆ ನೋಡಿದರೆ ಅವಳು ಗೊಂಬೆಗಳನ್ನು ಚಪ್ಪಲಿಯ ಮೇಲೆ ಕೂರಿಸಿ, ನಮ್ಮನ್ನೂ ಕರೆದು, "ಎಲ್ಲರೂ ಹತ್ತಿ, ಹತ್ತಿ" ಎಂದು ಕೂಗುತ್ತಾಳೆ. ನಾವು ಏನು ಕೊಳ್ಳಬೇಕು? ಕೆಟ್ಟುನಿಂತ ಹಳೆಯ ರೈಲನ್ನು ಏನು ಮಾಡಬೇಕು?

ಉತ್ತರ: ನಿದ್ದೆ ಕೆಡಿಸಿದ ಮಾತಿನಿಂದಲೇ ಶುರು ಮಾಡುತ್ತೇನೆ. ಎರಡು ಮೂರು ವರ್ಷದ ಮಕ್ಕಳು ವಸ್ತುಗಳನ್ನು ಸಾಲಾಗಿ ಜೋಡಿಸುವುದು ತೀರ ಸಾಮಾನ್ಯ. ಒಂದರ ಹಿಂದೆ ಒಂದು, ದೊಡ್ಡದರ ಪಕ್ಕ ಚಿಕ್ಕದು ಎಂಬ ಕ್ರಮವನ್ನು ಮಗು ಮೊದಲ ಬಾರಿಗೆ ತನ್ನ ಕೈಯಿಂದಲೇ ಕಟ್ಟುತ್ತಿರುವ ಕಾಲ ಅದು. ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ, ಅಂದರೆ ಆಟ ಮತ್ತು ದಿನನಿತ್ಯದ ಕೌಶಲಗಳಲ್ಲಿ ಮಕ್ಕಳಿಗೆ ನೆರವಾಗುವ ಚಿಕಿತ್ಸಕರಾಗಿ, ನಾನು ಬರಿಯ ಸಾಲನ್ನು ನೋಡಿ ಏನನ್ನೂ ನಿರ್ಧರಿಸುವುದಿಲ್ಲ, ಸಾಲಿನ ಸುತ್ತ ಏನು ನಡೆಯುತ್ತಿದೆ ಎಂದು ನೋಡುತ್ತೇನೆ. ಹೆಸರು ಕರೆದರೆ ತಿರುಗುತ್ತಾಳೆಯೇ? ತನಗೆ ಕಂಡ ಸೋಜಿಗವನ್ನು ಬೆರಳು ತೋರಿಸಿ ನಿಮಗೂ ತೋರಿಸುತ್ತಾಳೆಯೇ? ಆಡುತ್ತಿದ್ದ ಮಾತು, ಕಲಿತಿದ್ದ ಕೌಶಲ ಹಿಂದಕ್ಕೆ ಹೋಗಿದೆಯೇ? ಒಂದನ್ನು ಇನ್ನೊಂದೆಂದು ನಟಿಸಿ ಆಡುತ್ತಾಳೆಯೇ? ಕೊನೆಯ ಪ್ರಶ್ನೆಗೆ ನೀವೇ ಉತ್ತರ ಬರೆದಿದ್ದೀರಿ. ಚಪ್ಪಲಿಯನ್ನು ಬೋಗಿ ಮಾಡಿ, ಗೊಂಬೆಯನ್ನು ಪ್ರಯಾಣಿಕ ಮಾಡಿ, ನಿಮ್ಮನ್ನೂ ಹತ್ತಲು ಕರೆಯುವ ಮಗು ಕಲ್ಪನೆಯನ್ನೂ ಬಳಸುತ್ತಿದೆ, ಜೊತೆಯನ್ನೂ ಬಯಸುತ್ತಿದೆ. ಉಳಿದ ಪ್ರಶ್ನೆಗಳಲ್ಲಿ ಯಾವುದಾದರೂ ಒಂದು ನಿಮ್ಮನ್ನು ತಡೆದು ನಿಲ್ಲಿಸಿದರೆ ಮಕ್ಕಳ ವೈದ್ಯರ ಬಳಿ ಹೋಗಿ, ತಡಮಾಡಬೇಡಿ. ಸಾಲಿನ ಕಾರಣಕ್ಕೆ ಮಾತ್ರ ಹೆದರಬೇಡಿ.

"ಮನಸ್ಸು ನಿಲ್ಲುವುದಿಲ್ಲ" ಎಂಬ ಮಾತನ್ನು ನಾನು ಒಪ್ಪುವುದೇ ಇಲ್ಲ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಉಪಯುಕ್ತವಾಗಿ ಕಂಡದ್ದು, ಅವಳು ಓಡುತ್ತಿದ್ದ ಎಂಜಿನ್ನನ್ನು ಎತ್ತಿಕೊಂಡು ನೆಲದ ಮೇಲೆ ತಳ್ಳಿದಳು ಎಂಬ ಒಂದು ಸಾಲು. ಗುಂಡಿ ಒತ್ತಿದರೆ ತಾನಾಗಿಯೇ ಸುತ್ತುವ ರೈಲಿನ ಮುಂದೆ ಎರಡೂವರೆ ವರ್ಷದ ಮಗುವಿಗೆ ಕೆಲಸವೇ ಇಲ್ಲ, ಅದು ಬರೀ ಪ್ರೇಕ್ಷಕ. ನಿಮ್ಮ ಮಗಳಿಗೆ ರೈಲನ್ನು ನೋಡಬೇಕಾಗಿರಲಿಲ್ಲ, ಓಡಿಸಬೇಕಾಗಿತ್ತು. ನಿಲ್ಲಿಸುವುದು, ಹಿಂದಕ್ಕೆ ಎಳೆಯುವುದು, ಕೆನ್ನೆಯನ್ನು ನೆಲಕ್ಕೆ ಹಚ್ಚಿ ಚಕ್ರ ಉರುಳುವುದನ್ನು ನೋಡುವುದು, ಬೋಗಿ ಕಳಚಿ ಮತ್ತೆ ಕೂಡಿಸುವುದು, ಇವೆಲ್ಲ ಆ ಬ್ಯಾಟರಿ ರೈಲಿನಲ್ಲಿ ಆಗುತ್ತಿರಲಿಲ್ಲ. ಆದ್ದರಿಂದ ಅವಳು ಆಟವನ್ನು ತನಗೆ ಬೇಕಾದಂತೆ ಬದಲಿಸಿಕೊಂಡಳು. ಮನಸ್ಸು ನಿಲ್ಲದ ಮಗು ಹಾಗೆ ಮಾಡುವುದಿಲ್ಲ.

ಎಂಜಿನ್ ಕೆಟ್ಟದ್ದೂ ಅವಳ ತಪ್ಪಲ್ಲ. ಇಂಥ ರೈಲುಗಳಲ್ಲಿ ಸಣ್ಣ ಮೋಟರಿನ ವೇಗವನ್ನು ಹಲ್ಲುಚಕ್ರಗಳ ಸರಣಿಯೊಂದು ತಗ್ಗಿಸಿ ಗಾಲಿಗೆ ಕೊಡುತ್ತದೆ. ಮೋಟರಿನಿಂದ ಗಾಲಿಗೆ ಬಲ ಸುಲಭವಾಗಿ ಹರಿಯುತ್ತದೆ. ಗಾಲಿಯಿಂದ ಮೋಟರಿನ ಕಡೆಗೆ ತಿರುಗಿಸಹೊರಟರೆ ಭಾರೀ ತಡೆ. ಮಗು ಮೈಭಾರ ಹಾಕಿ ತಳ್ಳಿದಾಗ ಪ್ಲಾಸ್ಟಿಕ್ ಹಲ್ಲುಗಳು ಜಾರುತ್ತವೆ, ಇಲ್ಲವೇ ಮುರಿಯುತ್ತವೆ. ನೀವು ಕೇಳಿದ ಕಟಕಟ ಸದ್ದು ಅದೇ. ಕೈಯಿಂದ ತಳ್ಳಿದರೂ ಕೆಡದಂತೆ ಒಳಗೆ ಕ್ಲಚ್ ಇಟ್ಟಿರುವ ಎಂಜಿನ್‌ಗಳೂ ಇವೆ. ಕೊಳ್ಳುವ ಮೊದಲು ಸ್ವಿಚ್ ಆರಿಸಿ ಗಾಲಿಯನ್ನು ಬೆರಳಿನಿಂದ ತಿರುಗಿಸಿ ನೋಡಿ, ಗೊತ್ತಾಗುತ್ತದೆ.

ಇನ್ನು ಪೆಟ್ಟಿಗೆಯ ಮೇಲಿನ ವಯಸ್ಸಿನ ವಿಷಯ. ಅದನ್ನು ಬುದ್ಧಿಯ ಅಳತೆ ಎಂದುಕೊಳ್ಳುವ ತಂದೆತಾಯಿ ಬಹಳ. 3 ವರ್ಷದ ಗೆರೆ ಎಳೆದಿರುವುದು ಮುಖ್ಯವಾಗಿ ಬಾಯಿಯನ್ನು ನೋಡಿ. ಅದಕ್ಕಿಂತ ಚಿಕ್ಕ ಮಕ್ಕಳು ವಸ್ತುಗಳನ್ನು ಬಾಯಿಗೆ ಹಾಕುತ್ತಾರೆ, ಅವರ ಶ್ವಾಸನಾಳ ಕಿರಿದು, ಸಿಕ್ಕಿಕೊಂಡದ್ದನ್ನು ಕೆಮ್ಮಿ ಹೊರಹಾಕುವ ಬಲ ಕಡಿಮೆ. ಆಟಿಕೆಗಳ ಪರೀಕ್ಷೆಯಲ್ಲಿ 31.7 ಮಿಲಿಮೀಟರ್ ವ್ಯಾಸದ ಒಂದು ಪುಟ್ಟ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿಯಾಗಿ ಇಳಿಯುವ ಯಾವ ಬಿಡಿಭಾಗವೂ ಮೂರರೊಳಗಿನ ಮಕ್ಕಳ ಆಟಿಕೆಯಲ್ಲಿ ಇರಕೂಡದು. ಮನೆಯಲ್ಲಿ ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆ ಇಟ್ಟುಕೊಳ್ಳಿ. ಅದು ಪರೀಕ್ಷೆಯ ಕೊಳವೆಗಿಂತ ತುಸು ಅಗಲ, ಹಾಗಾಗಿ ಸುರಕ್ಷಿತ ಬದಿಯಲ್ಲೇ ಇರುತ್ತೀರಿ. ಅದರೊಳಗೆ ಇಳಿದುಹೋಗುವ ತುಂಡು ಮಗುವಿನ ಬಾಯಿಗೆ ಸಿಗಬಾರದು. ಮಗು ಎಷ್ಟು ಚುರುಕಾಗಿದ್ದರೂ ಶ್ವಾಸನಾಳ ಅಗಲವಾಗುವುದಿಲ್ಲ.

ನಿಮ್ಮ ಮನೆಯಲ್ಲಂತೂ ಮಗಳ ವಯಸ್ಸಿನ ಲೆಕ್ಕವೇ ಬೇಡ. ಒಂಬತ್ತು ತಿಂಗಳ ಮಗ ನೆಲದ ಮೇಲೆ ಸಿಕ್ಕಿದ್ದನ್ನು ಮೊದಲು ಬಾಯಲ್ಲಿಟ್ಟು, ಆಮೇಲೆ ನೋಡುವ ಹಂತದಲ್ಲಿದ್ದಾನೆ. ಮನೆಯ ಅತಿ ಚಿಕ್ಕ ಬಾಯಿಗೆ ತಕ್ಕ ಆಟಿಕೆ ಆರಿಸಬೇಕು. ಮಗಳಿಗೆ ಮೂರು ತುಂಬಿದ ದಿನವೂ ಈ ಮಾತು ಬದಲಾಗುವುದಿಲ್ಲ.

ನಾನು ಹೆಚ್ಚು ಹೆದರುವುದು ಎರಡು ವಸ್ತುಗಳಿಗೆ. ಮೊದಲನೆಯದು ಬಟನ್ ಬ್ಯಾಟರಿ, ಅಂದರೆ ಅಂಗಿಯ ಗುಂಡಿಯಂತೆ ದುಂಡಗೆ ಚಪ್ಪಟೆಯಾಗಿರುವ ಪುಟ್ಟ ಬ್ಯಾಟರಿ. ಶಿಳ್ಳೆ ಹಾಕುವ, ದೀಪ ಮಿನುಗುವ ಸಣ್ಣ ಎಂಜಿನ್‌ಗಳಲ್ಲಿ, ನಿಲ್ದಾಣಗಳಲ್ಲಿ ಇದು ಅಡಗಿರುತ್ತದೆ. ನುಂಗಿದಾಗ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ತೇವದ ಮೂಲಕ ವಿದ್ಯುತ್ ಹರಿದು ಸುತ್ತಲಿನ ಅಂಗಾಂಶದಲ್ಲಿ ತೀವ್ರ ಕ್ಷಾರ ಉಂಟಾಗುತ್ತದೆ. ಎರಡು ಗಂಟೆಯೊಳಗೇ ಗಂಭೀರ ಸುಟ್ಟಗಾಯ ಆಗಬಹುದು. ಬ್ಯಾಟರಿ ಸೋರಬೇಕೆಂದಿಲ್ಲ, ಒಡೆಯಬೇಕೆಂದೂ ಇಲ್ಲ. ಆರಂಭದಲ್ಲಿ ಮಗು ಬರೀ ಜೊಲ್ಲು ಸುರಿಸಬಹುದು, ಊಟ ಬೇಡವೆನ್ನಬಹುದು. ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗದೆ ನೇರವಾಗಿ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಬೆಳಗಾಗಲಿ ಎಂದು ಕಾಯಬೇಡಿ.

ಎರಡನೆಯದು ಕಳಚಿಬಂದ ಅಯಸ್ಕಾಂತ. ಒಂದು ನುಂಗಿದರೆ ಅದು ಹೊರಬಂದುಬಿಡಬಹುದು. ಎರಡು ನುಂಗಿದರೆ, ಅಥವಾ ಒಂದು ಅಯಸ್ಕಾಂತದ ಜೊತೆ ಒಂದು ಕಬ್ಬಿಣದ ಚೂರು ಒಳಗೆ ಹೋದರೆ, ಕರುಳಿನ ಎರಡು ಮಡಿಕೆಗಳ ಆಚೆ ಈಚೆ ನಿಂತು ಪರಸ್ಪರ ಸೆಳೆದುಕೊಳ್ಳುತ್ತವೆ. ನಡುವೆ ಸಿಕ್ಕ ಕರುಳಿಗೆ ರಕ್ತ ಹರಿಯದೆ ತೂತಾಗುತ್ತದೆ. ಎಷ್ಟು ನುಂಗಿದೆ ಎಂಬುದು ಎಕ್ಸ್‌ರೇ ಆಗುವವರೆಗೆ ತಿಳಿಯದು, ಆದ್ದರಿಂದ ಇಲ್ಲಿಯೂ ಮನೆಯಲ್ಲಿ ಕಾಯುವಂತಿಲ್ಲ. ಮರದ ರೈಲಿನ ಬೋಗಿಗಳನ್ನು ಕೂಡಿಸುವುದು ಅಯಸ್ಕಾಂತವೇ. ಒಳ್ಳೆಯ ತಯಾರಿಕೆಯಲ್ಲಿ ಅದು ಲೋಹದ ಅಥವಾ ಪ್ಲಾಸ್ಟಿಕ್ಕಿನ ಟೋಪಿಯೊಳಗೆ ಭದ್ರವಾಗಿ ಕೂತಿರುತ್ತದೆ, ಬರೀ ಅಂಟಿನ ಮೇಲೆ ನಿಂತಿರುವುದಿಲ್ಲ. ಹೊಸದು ತಂದ ದಿನ ಪ್ರತಿಯೊಂದನ್ನೂ ಉಗುರು ಹಾಕಿ ಎಬ್ಬಿಸಿ ನೋಡಿ. ಆಮೇಲೂ ತಿಂಗಳಿಗೊಮ್ಮೆ ನೋಡಿ. ಅಲುಗಾಡಿದ್ದು ಕಸಕ್ಕೆ ಹೋಗಲಿ, ಅಂಟು ಹಾಕಿ ಮರಳಿ ಕೊಡಬೇಡಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನಿಮ್ಮ ತಮ್ಮನ ಉಡುಗೊರೆಯನ್ನು ಮೊದಲು ಬದಿಗಿಡೋಣ. ಹಳಿಯಲ್ಲಿ ವಿದ್ಯುತ್ ಹರಿಯುವ ಮಾದರಿ ರೈಲುಗಳಲ್ಲಿ ಬಹುಬಳಕೆಯದು ಎಚ್‌ಓ ಎಂಬ ಅಳತೆ. ನಿಜವಾದ ರೈಲಿನ 87ರಲ್ಲಿ ಒಂದು ಭಾಗ, ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಗಾಲಿಯ ಅಂಚು ನೂಲಿನಷ್ಟು ತೆಳು. ಹಳಿ ತಪ್ಪಿದ ಬೋಗಿಯನ್ನು ಮತ್ತೆ ಕೂರಿಸಲು ದೊಡ್ಡವರ ಬೆರಳೇ ತಡವರಿಸುತ್ತದೆ. ಹಳಿಯಲ್ಲಿರುವ ಕಡಿಮೆ ವೋಲ್ಟೇಜಿನಿಂದ ಮಗುವಿಗೆ ಶಾಕ್ ಹೊಡೆಯುತ್ತದೆ ಎಂಬ ಭಯ ಅತಿಯಾದದ್ದು. ನಿಜವಾದ ತೊಂದರೆಗಳು ಬೇರೆ: ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಟ್ರಾನ್ಸ್‌ಫಾರ್ಮರ್, ಅದರ ವೈರು, ಮುರಿದುಬರುವ ಚೂಪಾದ ಕೊಂಡಿಗಳು. ಹೊಗೆಗೆಂದು ಹಾಕುವ ಎಣ್ಣೆ ಇನ್ನೂ ಕೆಟ್ಟದ್ದು. ಅದು ಬಾಯಿಗೆ ಹೋಗಿ ಶ್ವಾಸಕೋಶಕ್ಕೆ ಜಾರಿದರೆ ಅಪಾಯ. ಇವು ಸಂಗ್ರಹಕಾರರ ವಸ್ತುಗಳು, ಹಲವು ಪೆಟ್ಟಿಗೆಗಳ ಮೇಲೆ 14 ವರ್ಷ ಎಂದೇ ಇರುತ್ತದೆ. ದೊಡ್ಡವರು ಪಕ್ಕದಲ್ಲಿ ಕುಳಿತರೆ ಎಂಟು ವರ್ಷದ ಹೊತ್ತಿಗೆ ಚೆನ್ನಾಗಿ ಆಡಬಹುದು ಎನ್ನುವುದು ನನ್ನ ಅನುಭವ. ತಮ್ಮನಿಗೆ ನೋವಾಗದಂತೆ ಹೇಳಿ. ರೈಲಿನ ಬಗ್ಗೆ ಇಷ್ಟು ಆಸೆ ಇರುವ ಸೋದರಮಾವ ಈಗ ನೆಲದ ಮೇಲೆ ಕುಳಿತು ಸೇತುವೆ ಕಟ್ಟಿದರೆ ಅದೇ ದೊಡ್ಡ ಉಡುಗೊರೆ.

ಉಳಿದದ್ದು ಕೈಯಿಂದ ತಳ್ಳುವ ಎರಡು ಬಗೆ. ಒಂದು, ದಪ್ಪ ಪ್ಲಾಸ್ಟಿಕ್ ಇಟ್ಟಿಗೆಗಳ ರೈಲು. ಲೆಗೋ ಡ್ಯೂಪ್ಲೊ ಇದರಲ್ಲಿ ಹೆಸರಾದದ್ದು. ಅದರ ಇಟ್ಟಿಗೆ ಮಾಮೂಲಿ ಲೆಗೋ ಇಟ್ಟಿಗೆಗಿಂತ ಉದ್ದ, ಅಗಲ, ಎತ್ತರ ಮೂರರಲ್ಲೂ ಎರಡು ಪಟ್ಟು, ಹಾಗಾಗಿ ನುಂಗುವ ಗಾತ್ರದ್ದಲ್ಲ. ಕೂಡಿಸಲು ಕೊಂಡಿ ಇರುತ್ತದೆ, ಅಯಸ್ಕಾಂತವಿಲ್ಲ. ತೊಳೆಯಬಹುದು. ಪುಟ್ಟ ಮಗನ ಜೊಲ್ಲಿನ ನಡುವೆ ಇದು ಸಣ್ಣ ಲಾಭವಲ್ಲ. ಕೊರತೆಯೆಂದರೆ ಹಳಿಗಳ ಜೋಡಣೆ ಬಿಗಿ. ಎರಡೂವರೆ ವರ್ಷದ ಬೆರಳಿಗೆ ಒತ್ತಿ ಕೂಡಿಸಲು, ಎಳೆದು ಬಿಡಿಸಲು ಕಷ್ಟವಾಗಿ ಪ್ರತಿ ಬಾರಿ ನಿಮ್ಮನ್ನೇ ಕರೆಯಬಹುದು.

ಇನ್ನೊಂದು ಮರದ ರೈಲು. ಸ್ವೀಡನ್ನಿನ ಬ್ರಿಯೋ ಕಂಪನಿ 1950ರ ದಶಕದ ಕೊನೆಯಲ್ಲಿ ರೂಢಿಗೆ ತಂದ ಈ ಮಾದರಿಯನ್ನು ಆಮೇಲೆ ಹತ್ತಾರು ತಯಾರಕರು ಅನುಸರಿಸಿದರು. ಆದ್ದರಿಂದ ಒಬ್ಬರ ರೈಲು ಇನ್ನೊಬ್ಬರ ಹಳಿಯ ಮೇಲೆ ಸಾಮಾನ್ಯವಾಗಿ ಓಡುತ್ತದೆ. ಹಳಿಯ ತುದಿಯ ಗುಬುಟು, ಸೇತುವೆಯ ಎತ್ತರ ಮಾತ್ರ ಕೆಲವೊಮ್ಮೆ ಹೊಂದುವುದಿಲ್ಲ. ಬೆರೆಸಿ ಕೊಳ್ಳುವುದಾದರೆ ಒಂದು ತುಂಡು ಕೂಡಿಸಿ ನೋಡಿಯೇ ಕೊಳ್ಳಿ.

ನಿಮ್ಮ ಮಗಳಿಗೆ ನಾನು ಆರಿಸುವುದು ಮರದ್ದನ್ನೇ. ಆದರೆ ಮರವಾದ್ದರಿಂದ ಸುರಕ್ಷಿತ ಎಂಬ ನಂಬಿಕೆಯಿಂದ ಅಲ್ಲ. ಆ ನಂಬಿಕೆ ತಪ್ಪು. 2007ರಲ್ಲಿ ಅಮೆರಿಕದಲ್ಲಿ ಜನಪ್ರಿಯ ಮರದ ರೈಲು ಮತ್ತು ಅದರ ಬಿಡಿಭಾಗಗಳು ಸುಮಾರು 15 ಲಕ್ಷದಷ್ಟು ವಾಪಸಾದವು, ಕಾರಣ ಬಣ್ಣದಲ್ಲಿದ್ದ ಸೀಸ. ಮರ ಚೆನ್ನಾಗಿಯೇ ಇತ್ತು, ಮೇಲೆ ಬಳಿದದ್ದು ವಿಷವಾಗಿತ್ತು. ಸೀಸ ಚಿಕ್ಕ ಮಕ್ಕಳ ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ, ಅದಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ. ಹಾಗಾಗಿ ತಯಾರಕರ ಹೆಸರಿಲ್ಲದ, ಆಟಿಕೆ ಸುರಕ್ಷತೆಯ ಯಾವ ಮಾನದಂಡದ ಗುರುತೂ ಇಲ್ಲದ ಸೆಟ್ ಬೇಡ. ಐಎಸ್‌ಓ 8124, ಇಎನ್ 71, ಎಎಸ್‌ಟಿಎಂ ಎಫ್963, ಐಎಸ್ 9873, ಇವುಗಳಲ್ಲಿ ಒಂದಾದರೂ ಪೆಟ್ಟಿಗೆಯ ಮೇಲೆ ಇರಲಿ. ಯಾರೋ ಕೊಟ್ಟ ಹಳೆಯ ಸೆಟ್ಟಿನಲ್ಲಿ ಬಣ್ಣ ಸಿಪ್ಪೆ ಏಳುತ್ತಿದ್ದರೆ ಬಣ್ಣವಿಲ್ಲದ ಹಳಿಗಳನ್ನು ಇಟ್ಟುಕೊಂಡು ಎಂಜಿನ್, ಬೋಗಿಗಳನ್ನು ತೆಗೆದುಬಿಡಿ.

ಮರದ್ದನ್ನು ಆರಿಸಲು ನನ್ನ ಕಾರಣ ಅದರ ಜೋಡಣೆಯ ಸಡಿಲ. ಒಂದರ ಗುಬುಟನ್ನು ಇನ್ನೊಂದರ ಗೂಡಿಗೆ ಮೇಲಿನಿಂದ ಇಳಿಸಿದರೆ ಸಾಕು, ಹಳಿ ಕೂಡಿತು. ಸ್ವಲ್ಪ ಓರೆಯಾದರೂ ಕೂಡುತ್ತದೆ, ಸುತ್ತು ಬೆರಳಗಲದಷ್ಟು ತಪ್ಪಿದರೂ ಎಲ್ಲ ಕೀಲುಗಳಲ್ಲಿ ತುಸು ತುಸು ಬಾಗಿಸಿ ಮುಚ್ಚಿಬಿಡಬಹುದು. ಮಗುವಿನ ತಪ್ಪನ್ನು ಹೀಗೆ ಹೊಟ್ಟೆಗೆ ಹಾಕಿಕೊಳ್ಳುವ ಆಟಿಕೆಗಳು ಕಡಿಮೆ. ಬೋಗಿಗಳ ಅಯಸ್ಕಾಂತದಲ್ಲೂ ಒಂದು ಪಾಠ ಅಡಗಿದೆ. ಹೆಚ್ಚಿನ ಸೆಟ್ಟುಗಳಲ್ಲಿ ಬೋಗಿಯ ಒಂದು ತುದಿ ಉತ್ತರ ಧ್ರುವ, ಇನ್ನೊಂದು ದಕ್ಷಿಣ. ತಪ್ಪು ತುದಿ ಹಿಡಿದರೆ ಮುಂದಿನ ಬೋಗಿ ತಾನಾಗಿ ದೂರ ಸರಿಯುತ್ತದೆ. ಮಗು ಸಿಟ್ಟಾಗುತ್ತದೆ, ಬಿಸಾಡುತ್ತದೆ, ಮತ್ತೆ ತರುತ್ತದೆ. ಒಂದು ದಿನ ಬೋಗಿಯನ್ನು ತಿರುಗಿಸಿ ಹಿಡಿಯುತ್ತದೆ, ಟಪ್ಪೆಂದು ಕೂಡಿಕೊಳ್ಳುತ್ತದೆ. ಆ ಕ್ಷಣದ ಮುಖವನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಇನ್ನೂ ಬೇಸರವಾಗಿಲ್ಲ. ದಯವಿಟ್ಟು ನೀವು ಮುಂದಾಗಿ ತಿರುಗಿಸಿಕೊಡಬೇಡಿ.

ನೂರು ಬಿಡಿಭಾಗಗಳ ಸೆಟ್ ಈಗ ಬೇಡ. ಅಂಥ ಪೆಟ್ಟಿಗೆಗಳಲ್ಲಿ ಸಂಖ್ಯೆ ಹೆಚ್ಚಿಸುವುದು ಪುಟ್ಟ ಮನುಷ್ಯರು, ಫಲಕಗಳು, ಮರಗಳು, ಸರಕಿನ ತುಂಡುಗಳು. ಹಳಿ ಎಣಿಸಿದರೆ ಮೂರನೇ ಒಂದು ಭಾಗವೂ ಇರದೆ ಹೋಗಬಹುದು. ನಿಮ್ಮ ಮಗನ ಬಾಯಿಗೆ ಹೋಗುವ ಗಾತ್ರದವೂ ಅವೇ. 2018ರಲ್ಲಿ ಪ್ರಕಟವಾದ ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಒಂದು ಅಧ್ಯಯನದಲ್ಲಿ 18ರಿಂದ 30 ತಿಂಗಳ ಮಕ್ಕಳಿಗೆ ಒಮ್ಮೆ 4, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಗಳಲ್ಲಿ ಆಡಿದರು. ಕೆಲಸದಲ್ಲಿ ನಾನು ಕಾಣುವುದೂ ಅದನ್ನೇ. ಪೆಟ್ಟಿಗೆ ತುಂಬ ಸುರಿದರೆ ಮಗು ಸುರಿಯುವುದನ್ನೇ ಆಟ ಮಾಡಿಕೊಳ್ಳುತ್ತದೆ.

ಮೊದಲ ಖರೀದಿ ಇಪ್ಪತ್ತು ಹಳಿ ದಾಟದಿರಲಿ. ಸಾಮಾನ್ಯ ದೊಡ್ಡ ಬಾಗುಹಳಿ ವೃತ್ತದ ಎಂಟನೇ ಒಂದು ಭಾಗ, ಅಂದರೆ 45 ಡಿಗ್ರಿ. ಎಂಟು ಕೂಡಿದರೆ ಪೂರ್ತಿ ಸುತ್ತು. ಆದ್ದರಿಂದ ಬಾಗುಹಳಿ ಕನಿಷ್ಠ ಎಂಟು, ನೇರ ಹಳಿ ಆರು, ದಾರಿ ಕವಲಾಗುವ ಹಳಿ ಎರಡು, ಒಂದು ಗಟ್ಟಿ ಸೇತುವೆ. ಕವಲುಹಳಿಯನ್ನು ಬಿಡಬೇಡಿ. ಬರೀ ಸುತ್ತಿನಲ್ಲಿ ರೈಲು ಒಂದೇ ಕಡೆ ಹೋಗುತ್ತದೆ, ಕವಲು ಬಂದ ಕೂಡಲೇ ಎಲ್ಲಿಗೆ ಹೋಗಬೇಕೆಂದು ಮಗು ನಿರ್ಧರಿಸಬೇಕಾಗುತ್ತದೆ, ಅಲ್ಲಿಂದ ಕಥೆ ಹುಟ್ಟುತ್ತದೆ. ಜೊತೆಗೆ ಬ್ಯಾಟರಿಯಿಲ್ಲದ ಒಂದು ಎಂಜಿನ್, ಮೂರು ಬೋಗಿ. ಬೋಗಿಗಳ ಮೇಲೆ ಕಳಚಿಬರುವ ಸರಕು ಇರದಿರಲಿ. ಪ್ರಯಾಣಿಕರಾಗಿ ಅವಳ ಗೊಂಬೆಗಳು ಹೇಗೂ ಕಾಯುತ್ತಿವೆ, ಬೋಗಿಯಲ್ಲಿ ಹಿಡಿಸದಿದ್ದರೆ ಪಕ್ಕದಲ್ಲಿ ನಿಂತಾವು. ಪೆಟ್ಟಿಗೆಯ ಮೇಲೆ ಮೂರರೊಳಗಿನವರಿಗೂ ಸಲ್ಲುತ್ತದೆ ಎಂದು ಬರೆದಿರುವ ಆರಂಭಿಕ ಸೆಟ್ಟುಗಳೂ ಸಿಗುತ್ತವೆ, ಹುಡುಕುವಾಗ ಅದನ್ನೇ ನೋಡಿ. ನಾಲ್ಕು ವರ್ಷದ ಹೊತ್ತಿಗೆ, ಅವಳೇ ದಾರಿ ಕಟ್ಟಿ ಮುಗಿಸುವಂತಾದಾಗ, ಅದೇ ಹಳಿಯ ಮೇಲೆ ಓಡುವ ಬ್ಯಾಟರಿ ಎಂಜಿನ್ ಸೇರಿಸಬಹುದು. ಆಗ ಅವಳು ಪ್ರೇಕ್ಷಕಿಯಲ್ಲ, ತಾನು ಕಟ್ಟಿದ ದಾರಿಯಲ್ಲಿ ರೈಲು ಹಳಿ ತಪ್ಪದೆ ಬರುತ್ತದೆಯೇ ಎಂದು ಪರೀಕ್ಷಿಸುವವಳು. ಬ್ಯಾಟರಿ ಗೂಡಿನ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು.

ಮರಕ್ಕೂ ಅದರದೇ ತೊಂದರೆ ಇದೆ. ಹಳಿ ಗಟ್ಟಿ, ಎಸೆದರೆ ಪೆಟ್ಟಾಗುತ್ತದೆ, ಅವಳ ಪುಟ್ಟ ತಮ್ಮನ ತಲೆ ಹತ್ತಿರದಲ್ಲೇ ಇರುತ್ತದೆ. ಎಸೆದ ದಿನ ರೈಲು ಆ ದಿನಕ್ಕೆ ಮೇಲಕ್ಕೆ ಹೋಗಲಿ, ಬೈಗುಳ ಬೇಡ. ನೀರಿನಲ್ಲಿ ನೆನೆಸಿದರೆ ಮರ ಉಬ್ಬಿ ಗುಬುಟುಗಳು ಕೂಡುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ.

ಇಬ್ಬರನ್ನೂ ಒಂದೇ ಕೋಣೆಯಲ್ಲಿ ಹೇಗೆ ಆಡಿಸುವುದು ಎಂದು ನೀವು ಕೇಳಿಲ್ಲ, ಆದರೆ ಮೊದಲ ವಾರದಲ್ಲೇ ಕೇಳುತ್ತೀರಿ. ಮಗುವಿಗೆಂದು ತರುವ ಆಟದ ಬೇಲಿ ಮನೆಯಲ್ಲಿದ್ದರೆ ಅದರೊಳಗೆ ಚಿಕ್ಕವನನ್ನು ಬಿಡುವ ಬದಲು ದೊಡ್ಡವಳನ್ನು, ಅವಳ ರೈಲನ್ನು ಒಳಗೆ ಬಿಡಿ. ಅವಳು ಕಟ್ಟಿದ್ದನ್ನು ಅವನು ಕೆಡವಲಾರ, ಅವನಿಗೆ ಇಡೀ ಕೋಣೆ ಸಿಗುತ್ತದೆ, ಬೇಲಿಯ ಸಂದಿಯಿಂದ ರೈಲನ್ನೂ ನೋಡಬಹುದು. ಬೇಲಿಯಿಲ್ಲದಿದ್ದರೆ ಅವನು ಮಲಗಿದ ಹೊತ್ತು ಅವಳ ರೈಲಿನ ಹೊತ್ತು. ಹಳಿಗಳನ್ನು ಹಲಗೆಗೆ ಅಂಟಿಸಿ ಶಾಶ್ವತ ದಾರಿ ಮಾಡಿಕೊಡುವ ಆಸೆ ನಿಮ್ಮ ಪತಿಗೆ ಬರಬಹುದು, ಬಹಳ ಅಪ್ಪಂದಿರಿಗೆ ಬರುತ್ತದೆ. ಬೇಡವೆನ್ನಿ. ಕಟ್ಟಿ ಕೆಡವುವುದೇ ಈ ಆಟದ ಅರ್ಧ ಭಾಗ. ಅವರು ಪಕ್ಕದಲ್ಲಿ ಕುಳಿತು ಸುತ್ತನ್ನು ಬಹುಪಾಲು ಕೂಡಿಸಿ, ಕೊನೆಯ ಒಂದು ಹಳಿಯನ್ನು ಮಾತ್ರ ಅವಳಿಗೆ ಬಿಡಲಿ. ಮುಂದಿನ ವಾರ ಎರಡು ಬಿಡಲಿ, ಆಮೇಲೆ ಮೂರು.

ಇನ್ನು ಕೆಟ್ಟ ಹಳೆಯ ರೈಲು. ಮೊದಲು ಬ್ಯಾಟರಿ ತೆಗೆಯಿರಿ, ಬಿಟ್ಟರೆ ಸೋರುತ್ತದೆ. ಮಕ್ಕಳು ಮಲಗಿದ ಮೇಲೆ ತಳದ ಸ್ಕ್ರೂಗಳನ್ನು ಬಿಚ್ಚಿದರೆ ಗಾಲಿಯ ಅಚ್ಚಿಗೂ ಮೋಟರಿಗೂ ನಡುವೆ ಒಂದು ಸಣ್ಣ ಹಲ್ಲುಚಕ್ರ ಕಾಣುತ್ತದೆ, ಬಹುಶಃ ಅದರ ಹಲ್ಲುಗಳೇ ಸವೆದಿವೆ. ಅದನ್ನು ತೆಗೆದು ಎಸೆದು, ಸ್ಕ್ರೂಗಳನ್ನೆಲ್ಲ ಎಣಿಸಿ ಮರಳಿ ಬಿಗಿಯಿರಿ. ಬಿರುಕು ಬಿಟ್ಟ ಪ್ಲಾಸ್ಟಿಕ್, ಸಡಿಲ ಬಿಡಿಭಾಗ ಏನೂ ಇಲ್ಲವೆಂದು ರಟ್ಟಿನ ಕೊಳವೆ ಹಿಡಿದು ನೋಡಿಕೊಳ್ಳಿ. ಈಗ ಗಾಲಿಗಳು ಹಗುರಾಗಿ ತಿರುಗುತ್ತವೆ. ಆರು ತಿಂಗಳ ಹಿಂದೆ ಅವಳು ಆ ಎಂಜಿನ್ನಿನಿಂದ ಕೇಳಿದ್ದು ಇಷ್ಟನ್ನೇ. ಚಪ್ಪಲಿಗಳ ಸಾಲಿನ ಮುಂದೆ ಇಟ್ಟು, ಅವಳು ಬಂದು ನೋಡುವವರೆಗೆ ಸುಮ್ಮನಿರಿ.